ಬೇಸಿಗೆ ಕೆರೆ: ಎಂಟೂವರೆ ದಾಟಿದರೆ ಫೋಟೊ ಮಸುಕಾಗುತ್ತೆ, ಯಾಕೆ?

ಕೆರೆಏರಿ:
ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ಫೋಟೊ ತೆಗೀತಿದೀನಿ. ಲೆನ್ಸು 150-600 ಮಿ.ಮೀ. ಜೂಮ್. ಏಪ್ರಿಲ್ ಶುರುವಾದ ಮೇಲೆ ಎರಡು ತೊಂದರೆ. ಬೆಳಿಗ್ಗೆ ಎಂಟೂವರೆ ದಾಟಿತೆಂದರೆ ಷಟರ್ 1/2000 ಸೆಕೆಂಡಿಗೆ ಇಟ್ಟರೂ ದೂರದ ಹೆಜ್ಜಾರ್ಲೆಯ (ಪೆಲಿಕನ್) ಕಣ್ಣು ಚೂಪಾಗಿ ಬರಲ್ಲ. ಬೆಳ್ಳಕ್ಕಿ ತೆಗೆದರೆ ಮೈಯೆಲ್ಲ ಬರೀ ಬಿಳಿ, ಒಂದು ಗರಿಯೂ ಕಾಣಲ್ಲ. ಇನ್ನೊಂದು: ಟಿ. ನರಸೀಪುರದ ಕಡೆ ಅರ್ಧ ಬತ್ತಿದ ಕೆರೆಯೊಂದಿದೆ, ಅಂಗಳದಲ್ಲಿ ಟಿಟ್ಟಿಭಗಳು (ಲ್ಯಾಪ್‌ವಿಂಗ್) ತುಂಬ ಇವೆ. ಒಳಗಿಳಿದು ತೆಗೀಬಹುದಾ?

ಹಾವಕ್ಕಿ:
ಲೆನ್ಸಿನದ್ದೇನೂ ತಪ್ಪಿಲ್ಲ, ಅದು ಬಿಸಿಲ ಝಳ. ಕಾದ ನೆಲದ ಮೇಲೆ ಬಿಸಿಗಾಳಿ, ತಂಪುಗಾಳಿ ಕಲಸಿಕೊಂಡಿರುತ್ತೆ. ಅದರೊಳಗೆ ಹಾದು ಬರುವ ಬೆಳಕು ಬಾಗುತ್ತೆ. ಷಟರ್ ಏರಿಸಿದರೆ ಹಕ್ಕಿಯ ಅಲುಗಾಟ ನಿಲ್ಲುತ್ತೆ, ಬಾಗಿದ ಬೆಳಕು ನೆಟ್ಟಗಾಗಲ್ಲ. ಖಚಿತ ಮಾಡಿಕೊಳ್ಳಬೇಕಾದರೆ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯಲ್ಲಿ) ಹತ್ತು ಪಟ್ಟು ಹಿಗ್ಗಿಸಿ ನೋಡಿ: ಕೊಕ್ಕಿನ ಅಂಚು ಅಲೆಅಲೆಯಾಗಿ ನಡುಗುತ್ತಿದ್ದರೆ ಆ ದೂರದ ಕೆಲಸ ಅಲ್ಲಿಗೆ ಮುಗೀತು.

ಅದೇ ಹೊತ್ತಲ್ಲಿ 20 ಮೀಟರಿನ ಹಕ್ಕಿ ಚೆನ್ನಾಗೇ ಬರಬಹುದು, 80 ಮೀಟರಿನದು ಬರಲ್ಲ. ನಡುವೆ ಏನಿದೆ ಅನ್ನೋದೂ ಮುಖ್ಯ. ಸಿಮೆಂಟ್ ಹಾದಿ, ಒಣಗಿದ ಕೆಸರು ಬೇಗ ಕಾಯುತ್ತವೆ, ನೀರು ನಿಧಾನ. ಹಾದಿಯ ಆಚೆ ನಿಲ್ಲುವ ಬದಲು ನೀರಿನ ಅಂಚಿಗೆ ಬನ್ನಿ. ಕಾರಿನಿಂದ ತೆಗೆಯುವವರು ಬಾನೆಟ್ ಮೇಲಿಂದ ಗುರಿ ಇಡಬೇಡಿ, ಎಸಿ ಆರಿಸಿ ಗಾಜು ಇಳಿಸಿ, ಒಳಗಿನ ಗಾಳಿ ಹೊರಗಿನದಕ್ಕೆ ಸಮ ಆಗಲಿ.

ಒಂಬತ್ತರ ಮೇಲೆ ಕ್ಯಾಮೆರಾ ಮೇಲಕ್ಕೆ ತಿರುಗಿಸಿ. ಆ ಬಿಸಿಗಾಳಿಯನ್ನೇ ಹಿಡಿದು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಸುತ್ತುಹಾಕುತ್ತ ಏರುತ್ತವೆ. ಮೇಲೆ ನೋಡುವಾಗ ನೆಲದ ಝಳ ಅಷ್ಟಾಗಿ ಅಡ್ಡ ಬರಲ್ಲ.

ಗುಳುಮುಳುಕ:
ಬೆಳ್ಳಕ್ಕಿ ವಿಷಯ ನಾನು ಹೇಳ್ತೀನಿ. ಹಕ್ಕಿಯ ಹಿಂದೆ ಕಪ್ಪು ನೀರಿದ್ದಾಗ ಕ್ಯಾಮೆರಾದ ಬೆಳಕಿನ ಮೀಟರ್ ಆ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಟ್ಟುಬಿಡುತ್ತೆ, ಅಂದರೆ ಬರೀ ಬಿಳಿ ಮಾಡುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) -1ಕ್ಕೆ ಇಳಿಸಿ, ಸುಟ್ಟ ಭಾಗವನ್ನು ಮಿನುಗಿಸಿ ತೋರಿಸುವ ಹೈಲೈಟ್ ಮಿನುಗು ಆನ್ ಮಾಡಿ, ಬೆನ್ನು ಮಿನುಗದ ತನಕ ಇನ್ನೂ ಇಳಿಸಿ. ನೀರುಕಾಗೆ ಬಿಳಿ ಆಕಾಶದ ಎದುರು ಹಾರಿದರೆ ಇದು ತಿರುಗುಮುರುಗು, +1 ಬೇಕು. ಎರಡೂ ಒಟ್ಟಿಗಿರುವ ಕೆರೆಯಲ್ಲಿ ಬೆಳಕನ್ನು ನಾವೇ ಹೊಂದಿಸುವ ಮ್ಯಾನುಯಲ್ಲೇ ಸಲೀಸು: ಬಿಸಿಲಲ್ಲಿ ನಿಂತ ಬೆಳ್ಳಕ್ಕಿಗೆ ಒಮ್ಮೆ ಹೊಂದಿಸಿಟ್ಟರೆ ಹಿನ್ನೆಲೆ ಬದಲಾದರೂ ಕೆಡಲ್ಲ. ಬಿಸಿಲು ಏರಿದಂತೆ ಹತ್ತು ನಿಮಿಷಕ್ಕೊಮ್ಮೆ ಸರಿಮಾಡಿ. ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ಇರಲಿ, ಆದರೆ ಪೂರ್ತಿ ಸುಟ್ಟ ಬಿಳಿಯಲ್ಲಿ ಗರಿ ಅದರಲ್ಲೂ ಇರಲ್ಲ.

ಮೆಟ್ಟುಗಾಲು:
ಕೆರೆ ಅಂಗಳಕ್ಕೆ ದಯವಿಟ್ಟು ಇಳಿಯಬೇಡಿ. ಟಿಟ್ಟಿಭ ಗೂಡು ಕಟ್ಟಲ್ಲ. ಬರೀ ನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿ ಒಳಮುಖ. ಎರಡು ಹೆಜ್ಜೆ ದೂರದಿಂದಲೂ ಬೆಣಚುಕಲ್ಲಿನಂತೆ ಕಾಣುತ್ತೆ, ಕಾಲಡಿಗೆ ಸಿಕ್ಕಿದ್ದೂ ಗೊತ್ತಾಗಲ್ಲ. ಬಿರುಬಿಸಿಲಲ್ಲಿ ತಾಯಿ-ತಂದೆ ಸರದಿ ಮೇಲೆ ಕೂತು ನೆರಳು ಕೊಡುತ್ತವೆ, ನೀರಿಗೆ ಹೋಗಿ ಹೊಟ್ಟೆಗರಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ನೀವು ಅಲ್ಲಿ ನಿಂತಷ್ಟು ಹೊತ್ತೂ ಅವು ತಲೆ ಮೇಲೆ ಕೂಗುತ್ತಿರುತ್ತವೆ, ಮೊಟ್ಟೆ ಬೇಯುತ್ತಿರುತ್ತೆ. ಕಾಗೆ, ನಾಯಿಗೂ ಜಾಗ ತೋರಿಸಿಕೊಟ್ಟಂತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತೆ.

ಏರಿ ಮೇಲೆ ಕೂತು ಕಾಯಿರಿ. ಟಿಟ್ಟಿಭ ನೀರಿನಿಂದ ಎದ್ದು ಒದ್ದೆ ಹೊಟ್ಟೆಯಲ್ಲಿ ನಡೆದು ಬರುವುದು ಅಲ್ಲಿಂದಲೇ ಸಿಗುತ್ತೆ.

ಕೆರೆಏರಿ:
ಸರಿ, ಇಳಿಯಲ್ಲ. ಗೂಡಿನ ಫೋಟೊ ತೊಂದರೆ ಕೊಡದೆ ಎಲ್ಲಿ ಸಿಗುತ್ತೆ?

ಹಾವಕ್ಕಿ:
ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಜನರ ಓಡಾಟ ಅವಕ್ಕೆ ರೂಢಿ. ಏಪ್ರಿಲ್‌ನಲ್ಲೇ ಹೋಗಿ, ಮಳೆಗಾಲ ಹಿಡಿಯುವಷ್ಟರಲ್ಲಿ ಖಾಲಿಯಾಗುತ್ತಾ ಬರುತ್ತೆ. ಮಧ್ಯಾಹ್ನ ದುರ್ಬೀನು ಹಿಡಿದು ನೋಡಿ: ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ಮರಿಗಳಿಗೆ ನೆರಳು ಹಿಡಿಯುತ್ತೆ. ಹೆಜ್ಜಾರ್ಲೆ ಗಂಟಲ ಚೀಲ ಅದುರಿಸಿ ಮೈ ತಣಿಸಿಕೊಳ್ಳುತ್ತೆ. ಆ ಚೀಲ ಮಸುಕಾಗದಿರಲು 1/1000 ಆದರೂ ಇಡಿ. ಫ್ಲ್ಯಾಶ್, ಡ್ರೋನ್ ಎರಡೂ ಬೇಡ.