ಹೋಟೆಲ್ ಕೆಲಸದಲ್ಲಿ ಕೈ ಸುಟ್ಟರೆ ಖರ್ಚು ಯಾರದ್ದು? ಅನುಭವ ಇದ್ದವರು ಹೇಳಿ

ಉಪ್ಪಳದಿಂದ: ತಂಗಿಯ ಮಗ ಇಲ್ಲೇ, ಕೇರಳದ ಕಾಸರಗೋಡು ಕಡೆ, ಒಂದು ಹೋಟೆಲಲ್ಲಿ ಸಪ್ಲಾಯರ್. ಒದ್ದೆ ನೆಲದಲ್ಲಿ ಜಾರಿ ಸಾಂಬಾರು ಬಕೆಟ್ ಕೈಮೇಲೆ ಮಗುಚಿತು. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮೊದಲ ದಿನದ ಬಿಲ್ ಧಣಿ ಕೊಟ್ಟರು. ಈಗ "ಗುಣ ಆದ ಮೇಲೆ ಬಾ" ಅಂತಾರೆ, ಸಂಬಳದ ಸುದ್ದಿಯೇ ಇಲ್ಲ. ಎಂತ ಮಾಡುವುದು?

ಕುಂಬಳೆಯವ: ನನ್ನ ಕತೆ ಕೇಳಿ. ನನ್ನ ಪಾದದ ಮೇಲೆ ಬಿದ್ದದ್ದು ಕುದಿಯುವ ಚಹಾ. ಇಎಸ್‌ಐ (ಕೆಲಸಗಾರರ ಸರಕಾರಿ ವಿಮೆ) ಅಂತ ಸಂಬಳದಲ್ಲಿ ಮುಕ್ಕಾಲು ಪರ್ಸೆಂಟ್ ಹಿಡಿಯುತ್ತಿದ್ದರು, ಕಟ್ಟುತ್ತಿದ್ದದ್ದು ಅಡುಗೆ ಭಟ್ಟರ ಹೆಸರಿಗೆ ಮಾತ್ರ. ಡ್ರೆಸ್ಸಿಂಗ್ ಸಲಕ್ಕೆ 250, ಮುಲಾಮು ಬೇರೆ, ಚಪ್ಪಲಿ ಹಾಕಲಾಗದೆ ಬಸ್ಸು ಬಿಟ್ಟು ಆಟೋಗೆ 180. ಆಸ್ಪತ್ರೆ ಚೀಟಿಯಲ್ಲಿ "ಮನೆಯಲ್ಲಿ ಆದ ಗಾಯ" ಅಂತ ಬರೆಸಿದ್ದು ಮ್ಯಾನೇಜರ್. ಆ ಒಂದು ಸಾಲಿನಿಂದ ಎಲ್ಲ ಹೋಯಿತು. ಕೆಲಸದಲ್ಲಾದ ಗಾಯ ಅಂತಿದ್ದರೆ ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ನೂರಕ್ಕೆ 90 ಸಿಗುತ್ತಿತ್ತು, ಸೇರಿದ ಮರುದಿನವೇ ಬಿದ್ದರೂ! ಹತ್ತು ಜನ ಇದ್ದರೆ ಇಎಸ್‌ಐ ಕಡ್ಡಾಯ. ಗಾಯದ ವರದಿ ಕೊಡಬೇಕಾದ್ದು ಧಣಿ. ಕೊಡುತ್ತಾರಾ? ಕಳ್ಳರು.

ಬದಿಯಡ್ಕ ಹೋಟೆಲ್‌ನವ: ನಾಲಿಗೆ ಹಿಡಿತದಲ್ಲಿರಲಿ. ಇಎಸ್‌ಐಗೆ ನನ್ನ ಪಾಲಿನ ಮೂರೂಕಾಲು ಪರ್ಸೆಂಟ್ ಒಂದು ತಿಂಗಳೂ ತಪ್ಪಿಲ್ಲ. 2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದು ಸಾವು, ಮರುವರ್ಷ ಹೋಟೆಲ್ ಕೆಲಸದವರ ಹೆಲ್ತ್ ಕಾರ್ಡ್ (ರೋಗ ಇಲ್ಲ ಅಂತ ಡಾಕ್ಟರ ಚೀಟಿ) ಬಿಗಿ. ರಕ್ತ ಪರೀಕ್ಷೆ, ಟೈಫಾಯ್ಡ್ ಇಂಜೆಕ್ಷನ್, ಎಲ್ಲ ನನ್ನ ಗಲ್ಲಾದಿಂದ. ಕಾರ್ಡ್ ಕೈಗೆ ಬಂದದ್ದೇ ಹುಡುಗ ಮಂಗಳೂರಿಗೆ ಓಟ. ಜಾರದ ಶೂ, ಜೋಡಿಗೆ 650ರಂತೆ ತಂದೆ. ಶೂ ಅಕ್ಕಿ ಗೋಣಿಯ ಹಿಂದೆ, ಕಾಲಲ್ಲಿ ಹಿಮ್ಮಡಿ ಸವೆದ ಹವಾಯಿ. ಬಿದ್ದರೆ ಧಣಿ ಕಳ್ಳ!

ಹೊಸಂಗಡಿ ಅಕ್ಕ: ಶೂ ಕೊಟ್ಟಿರಿ, ಸರಿ. ನೆಲ ಒಣಗುವ ಮೊದಲೇ "ಟೇಬಲ್ ನಾಲ್ಕಕ್ಕೆ ನೋಡು" ಅಂತ ಕಿರುಚುವುದು ಯಾರು? ಕೆಲಸದ ನಡುವೆ ಕೂರುವ ಹಕ್ಕು 2018ರಲ್ಲೇ ಕೇರಳದಲ್ಲಿ ಕಾನೂನಾಯಿತು, ಕಲ್ಲಿಕೋಟೆ ಮಿಠಾಯಿ ಬೀದಿಯ ಹೆಂಗಸರು ಹೋರಾಡಿ ತಂದದ್ದು. ನಮ್ಮಲ್ಲಿಯೂ ಸ್ಟೂಲ್ ಉಂಟು. ಅದರ ಮೇಲೆ ಬಾಳೆಲೆ ಕಟ್ಟು, ಅದರ ಮೇಲೆ ಪಾರ್ಸೆಲ್ ಡಬ್ಬಿ. ಇನ್ಸ್‌ಪೆಕ್ಷನ್ ದಿನ ಮಾತ್ರ ಎಲೆ ಕೆಳಗೆ ಇಳಿಯುತ್ತದೆ. ನನ್ನ ಕಾಲಿನ ನರ ಊದಿ ಸ್ಟಾಕಿಂಗ್ಸ್‌ಗೆ 1,800 ಕೊಟ್ಟೆ.

ತಲಪಾಡಿಯವ: ನಮ್ಮ ಹೋಟೆಲಲ್ಲಿ ಅಂಥ ಸ್ಟೂಲ್ ಕಾನೂನೇ ಇಲ್ಲ ಅಂತಾರಲ್ಲ?

ಕುಂಬಳೆಯವ: ನಿಮ್ಮದು ಗಡಿಯ ಆಚೆ ಮಾರಾಯ್ರೇ. ನಿಮಗೆ ಕರ್ನಾಟಕದ 1961ರ ಅಂಗಡಿ-ಹೋಟೆಲ್ ಕಾನೂನು, ನಮಗೆ ಕೇರಳದ 1960ರದ್ದು. ಇಲ್ಲಿ ಗೊಂದಲ ಮಾಡಬೇಡಿ. ಉಪ್ಪಳದವರೇ, ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಕನ್ನಡದಲ್ಲೇ ಅರ್ಜಿ ಕೊಡಿ. ನಾವು ಭಾಷಾ ಅಲ್ಪಸಂಖ್ಯಾತರು, ಹಕ್ಕು ಉಂಟು.

ಹೊಸಂಗಡಿ ಅಕ್ಕ: ಹಕ್ಕು ಉಂಟು, ಕೆಲಸ ಆಗುವುದಿಲ್ಲ. ನನ್ನ ಕನ್ನಡ ಅರ್ಜಿ ಒಂದು ಕಚೇರಿಯಲ್ಲಿ "ತರ್ಜುಮೆಗೆ" ಅಂತ ಹೋದದ್ದು ಮತ್ತೆ ಬರಲಿಲ್ಲ. ಮಲಯಾಳದಲ್ಲಿ ಬರೆಸಿ.

ಕುಂಬಳೆಯವ: ನಿಮ್ಮಂಥವರಿಂದಲೇ ಕನ್ನಡ ಫಾರಂ ನಿಂತದ್ದು.

ಹೊಸಂಗಡಿ ಅಕ್ಕ: ಹೌದಾ? ನಿಮ್ಮ ಮಗ ಯಾವ ಮೀಡಿಯಂನಲ್ಲಿ ಓದುವುದು, ಅದು ಮೊದಲು ಹೇಳಿ.

ಬದಿಯಡ್ಕ ಹೋಟೆಲ್‌ನವ: ಇಂಗ್ಲಿಷ್ ಮೀಡಿಯಂ. ನನಗೆ ಗೊತ್ತು, ನಮ್ಮದೇ ಬಸ್ ಸ್ಟಾಪ್.

ಉಪ್ಪಳದಿಂದ: ಹುಡುಗನ ಚೀಟಿಯಲ್ಲಿ ಕಾರಣದ ಜಾಗ ಖಾಲಿ ಇದೆ. ಈಗ ಡಾಕ್ಟರ ಹತ್ತಿರ ಹೋಗಿ ಬರೆಸಬಹುದಾ?