ತುಟಿ ಉರಿ, ಮುಖ ಬಿಗಿತ: ಯಾವ ಬಾಮೂ ಆಗಿಬರ್ತಿಲ್ಲ

ಪ್ರಶ್ನೆ:
ಮುಖ ತೊಳೆದು ಒರೆಸೋದರಲ್ಲೇ ಕೆನ್ನೆ ಬಿಗಿದು ಚುರುಚುರು ಅನ್ನುತ್ತೆ. ತುಟಿ ಸಿಪ್ಪೆ ಏಳ್ತಿದೆ, ಸುತ್ತ ಕೆಂಪು ಪಟ್ಟಿ. ಮೆಂಥಾಲ್ ಬಾಮ್ ಹಚ್ಚಿದ ಕೂಡಲೇ ತಂಪು, ಆಮೇಲೆ ಮೊದಲಿಗಿಂತ ಜಾಸ್ತಿ ಉರಿ. ಕೆಲಸದ ಮಧ್ಯೆ ನಾಲಿಗೆಯಿಂದ ತುಟಿ ಸವರಿಕೊಳ್ಳೋ ಅಭ್ಯಾಸ ಇದೆ. ಅದೂ ಕಾರಣವೇ?

ಉತ್ತರ 1:
ಅದೇ ದೊಡ್ಡ ಕಾರಣ ಇರಬಹುದು. ನಾಲಿಗೆ ಎಟಕುವಷ್ಟು ಜಾಗದಲ್ಲೇ ಕೆಂಪಾಗಿದೆಯಾ, ಕನ್ನಡಿ ನೋಡಿ. ಎಂಜಲು ಆರುವಾಗ ತುಟಿಯನ್ನ ಇನ್ನಷ್ಟು ಒಣಗಿಸುತ್ತೆ, ಅದರ ಕಿಣ್ವಗಳು ಚರ್ಮ ಕೆರಳಿಸುತ್ತವೆ. ಮೆಂಥಾಲ್, ಕರ್ಪೂರ ಇರೋದನ್ನ ಬಿಟ್ಟುಬಿಡಿ. ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ, ಮಲಗುವಾಗಲೂ. ನಾಲಿಗೆ ಹೊರಬಂದಾಗಲೆಲ್ಲ ಆ ಕೆಟ್ಟ ರುಚಿ ಸಿಗುತ್ತಲ್ಲ, ನನ್ನ ಚಾಳಿ ಬಿಡಿಸಿದ್ದೇ ಅದು! ಸಿಪ್ಪೆ ಕೀಳಬೇಡಿ. ಸ್ಕ್ರಬ್ ಬೇಡವೇ ಬೇಡ.

ಉತ್ತರ 2:
ಟೂತ್‌ಪೇಸ್ಟ್ ಡಬ್ಬಿ ಓದಿ. ಸೋಡಿಯಂ ಲಾರಿಲ್ ಸಲ್ಫೇಟ್ (ನೊರೆ ಬರಿಸೋ ರಾಸಾಯನಿಕ), ದಾಲ್ಚಿನ್ನಿ ಫ್ಲೇವರ್ ಕೆಲವರ ತುಟಿಗೆ ಆಗಲ್ಲ.

ಉತ್ತರ 3:
ಮುಖಕ್ಕೆ ಬಿಸಿನೀರು ಬೇಡ, ಉಗುರುಬೆಚ್ಚಗೆ ಸಾಕು. ಟವೆಲ್‌ನಿಂದ ಉಜ್ಜದೆ ಒತ್ತಿ, ತೇವ ಇರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲೇ ಇರೋ ಒಂದು ಬಗೆಯ ಕೊಬ್ಬು) ಇರೋ ಸುಗಂಧರಹಿತ ಕ್ರೀಮ್ ಹಚ್ಚಿ. ಹೊಸದನ್ನ ಮೊದಲು ಮೊಣಕೈ ಒಳಭಾಗದಲ್ಲಿ ಕೆಲವು ದಿನ ನೋಡಿ. ‘ನೈಸರ್ಗಿಕ’ ಅಂತ ಬರೆದಿದ್ದರೆ ನಾನಂತೂ ಇನ್ನೂ ಹುಷಾರು, ಗಿಡಮೂಲಿಕೆ ಎಣ್ಣೆಗಳೂ ಅಲರ್ಜಿ ಮಾಡುತ್ತವೆ.

ಪ್ರಶ್ನೆ ಕೇಳಿದವರು:
ತುಟಿಯ ಮೂಲೆಗಳೂ ಒಡೆದಿವೆ. ಜೆಲ್ಲಿ ಸಾಕಾಗುತ್ತಾ?

ಉತ್ತರ 1:
ಅಲ್ಲಿ ಫಂಗಸ್ ಇರಬಹುದು, ಅದು ಜೆಲ್ಲಿಗೆ ಬಗ್ಗಲ್ಲ. ಚರ್ಮವೈದ್ಯರಿಗೆ ತೋರಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ, ತುಟಿ ಒಣಗಿಸೋದರಲ್ಲಿ ಅದಕ್ಕೆ ಎತ್ತಿದ ಕೈ.