ಕೈಕೆಲಸದ ಆನ್‌ಲೈನ್ ಅಂಗಡಿಗಳು ಯಾಕೆ ಖಾಲಿ ಬಿದ್ದಿರುತ್ತವೆ? ತಿಳಿದವರು ಹೇಳಿ

ಪ್ರಶ್ನೆ (ಪೆರ್ಲ, ಕೇರಳದ ಕಾಸರಗೋಡು ಜಿಲ್ಲೆ)

ನಾವು ನಾಲ್ಕು ಜನ ಹೆಂಗಸರು ಸೇರಿ ಅಡಿಕೆ ಹಾಳೆಯ ಮುಟ್ಟಾಳೆ (ಟೊಪ್ಪಿ), ಬಿಳಲಿನ ಬುಟ್ಟಿ, ಕ್ರೋಶಾ ಪರ್ಸ್ ಮಾಡುತ್ತೇವೆ. ಆನ್‌ಲೈನಿನಲ್ಲಿ ಮಾರಬೇಕೆಂದು ಆಸೆ ಉಂಟು. ಆದರೆ ಇಂಥ ಅಂಗಡಿಗಳನ್ನು ಹುಡುಕಿ ನೋಡಿದರೆ ಹೆಚ್ಚಿನವು ಖಾಲಿ. ಹೆಸರು ಉಂಟು, ಲೋಗೋ ಉಂಟು, ಸಾಮಾನು ಇಲ್ಲ. ಕೆಲವರು ಕೊನೆಯ ಫೋಟೋ ಹಾಕಿ ಎರಡು ವರ್ಷ ಆಗಿದೆ. ಗಿರಾಕಿ ಇಲ್ಲದೆ ಮುಚ್ಚಿದ್ದೋ, ಬೇರೆ ಕಾರಣವೋ? ನಮ್ಮದನ್ನು ಕೊಳ್ಳುವವರು ಹೆಚ್ಚಾಗಿ ಮಂಗಳೂರು, ಬೆಂಗಳೂರಿನವರು. ವರ್ಷಕ್ಕೆ 40 ಲಕ್ಷದ ವ್ಯಾಪಾರದವರೆಗೆ ಜಿಎಸ್‌ಟಿ ಬೇಡ ಎಂದು ಕೇಳಿದ್ದೇವೆ, ಹೌದಾ?

ಬದಿಯಡ್ಕದಿಂದ

ಅಕ್ಕ, ಖಾಲಿ ಕಂಡದ್ದೆಲ್ಲ ವ್ಯಾಪಾರ ಆಗದ ಅಂಗಡಿ ಅಂತ ತಿಳಿಯಬೇಡಿ. ಮಾರಾಟ ಆಗಿಯೇ ಖಾಲಿಯಾದವು ಬೇಕಾದಷ್ಟು ಉಂಟು. ಕೈಕೆಲಸದವರು ಒಂದೊಂದನ್ನೂ ಬೇರೆ ಬೇರೆ ಮಾದರಿಯಲ್ಲಿ ಮಾಡುತ್ತಾರೆ. ಪ್ರತಿಯೊಂದಕ್ಕೂ ಫೋಟೋ, ಅಳತೆ, ವಿವರಣೆ, ಬೆಲೆ ಅಂತ ಮುಕ್ಕಾಲು ಗಂಟೆ ಬೇಕು. ಅದು ಮಾರಿಹೋದ ಕೂಡಲೇ ಆ ಪುಟದ ಕೆಲಸ ಮುಗಿಯಿತು, ಮುಂದಿನ ವಸ್ತುವಿಗೆ ಮತ್ತೆ ಮೊದಲಿನಿಂದ. ಹತ್ತು ಹದಿನೈದು ಸಲ ಮಾಡುವಾಗ ಬೇಸರ ಹಿಡಿಯುತ್ತದೆ.

ಕೈಕೆಲಸ ಮಾರುವ ಎಟ್ಸಿ ಎಂಬ ವಿದೇಶಿ ತಾಣದಲ್ಲಿ ಇನ್ನೊಂದು ಸಂಗತಿ. ಒಂದು ಲಿಸ್ಟಿಂಗಿಗೆ (ಒಂದು ವಸ್ತುವಿನ ಪುಟಕ್ಕೆ) 0.20 ಡಾಲರ್, ಅದರ ಆಯುಸ್ಸು ನಾಲ್ಕು ತಿಂಗಳು. ನವೀಕರಿಸದಿದ್ದರೆ ಸಾಮಾನು ಪುಟದಿಂದ ಇಳಿಯುತ್ತದೆ, ಅಂಗಡಿಯ ಹೆಸರು ಮಾತ್ರ ನಿಲ್ಲುತ್ತದೆ. ನೀವು ನೋಡಿದ ಬೋರ್ಡು ಮಾತ್ರದ ಅಂಗಡಿಗಳಲ್ಲಿ ಕೆಲವು ಹೀಗೆ ಆದದ್ದೇ.

ಇದಕ್ಕೆ ದಾರಿ: ಮೂರು ಮಾದರಿ, ಹೆಚ್ಚೆಂದರೆ ನಾಲ್ಕು ಆರಿಸಿ. ಪ್ರತಿಯೊಂದನ್ನೂ ನಾಲ್ವರೂ ಒಂದೇ ಅಳತೆಗೆ ಮಾಡಲು ಬರಬೇಕು. ಬುಟ್ಟಿಯ ತಳಕ್ಕೆ ಎಷ್ಟು ಎಳೆ, ಎಷ್ಟನೇ ಸುತ್ತಿನಲ್ಲಿ ಬಾಗಿಸಬೇಕು, ಬಾಯಿ ಎಷ್ಟು ಸೆಂಟಿಮೀಟರ್ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಪುಟದಲ್ಲಿ "ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆ ಇರಬಹುದು" ಅಂತ ಸೇರಿಸಿ. ಆಗ ಒಂದೇ ಫೋಟೋ ವರ್ಷಗಟ್ಟಲೆ ನಡೆಯುತ್ತದೆ. ಪ್ರತಿ ಮಾದರಿಯದ್ದೂ ಕನಿಷ್ಠ ಹನ್ನೆರಡು ಕಟ್ಟಿಟ್ಟ ಮೇಲೆಯೇ ಅಂಗಡಿ ತೆರೆಯಿರಿ.

ಕುಂಬಳೆಯಿಂದ

ಬೆಲೆಯ ವಿಷಯ ಬರೆಯುತ್ತೇನೆ, ಅಂಗಡಿ ಒಳಗಿಂದಲೇ ಸೊರಗುವುದು ಇಲ್ಲಿ. ಕ್ರೋಶಾ ಪರ್ಸ್ ಉದಾಹರಣೆಗೆ ತೆಗೆದುಕೊಳ್ಳಿ. ನೂಲು 70, ಒಳಬಟ್ಟೆ ಮತ್ತು ಜಿಪ್ 30, ಪ್ಯಾಕಿಂಗ್ 20, ಒಟ್ಟು 120 ರೂಪಾಯಿ. ಕೆಲಸ ನಾಲ್ಕು ಗಂಟೆ. ಬೇರೆಯವರು 399ಕ್ಕೆ ಮಾರುತ್ತಾರೆಂದು ನೀವೂ ಅಷ್ಟೇ ಇಟ್ಟಿರಿ ಅನ್ನೋಣ. ತಾಣದ ಕಮಿಷನ್ 15 ಶೇಕಡಾ ಹಿಡಿದರೆ 60 ಹೋಯಿತು, ಕೊರಿಯರ್ 80. ಉಳಿದದ್ದು 259. ಅದರಲ್ಲಿ 120 ಕಳೆದರೆ 139. ಗಂಟೆಗೆ 35 ರೂಪಾಯಿ ಕೂಡ ಬೀಳುವುದಿಲ್ಲ, ಎಂಟು ಗಂಟೆಗೆ ಸುಮಾರು 280. ಕೇರಳದಲ್ಲಿ 2025-26ರ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 369. ಇಂಥ ಲೆಕ್ಕದಲ್ಲಿ ಆರ್ಡರ್ ಹೆಚ್ಚಾದಷ್ಟೂ ಕೈ ಹಿಂದೆ ಸರಿಯುತ್ತದೆ. ಗಿರಾಕಿ ಇದ್ದೂ ಅಂಗಡಿ ನಿಲ್ಲುವುದು ಹೀಗೆ.

ತಿರುಗಿಸಿ ಲೆಕ್ಕ ಹಾಕಿ. ಗಂಟೆಗೆ 60 ಬೇಕೆಂದರೆ 240, ಸಾಮಾನು ಪ್ಯಾಕಿಂಗ್ 120, ಕೊರಿಯರ್ 80, ಒಟ್ಟು 440. ಇದನ್ನು 0.85ರಿಂದ ಭಾಗಿಸಿದರೆ 518. ಹತ್ತರಲ್ಲಿ ಒಂದು ಹಾಳಾಗುತ್ತದೆ, ಇಲ್ಲವೆ ಹಿಂದೆ ಬರುತ್ತದೆ ಅಂತ ಹಿಡಿದು 550 ಅಥವಾ 575 ಇಡಿ. 440ಕ್ಕೆ 15 ಶೇಕಡಾ ಕೂಡಿಸಿ 506 ಅಂತ ಬರೆಯುವವರು ತುಂಬ ಜನ. ಅದು ತಪ್ಪು. ಕಮಿಷನ್ ಹಿಡಿಯುವುದು ಮಾರಿದ ಬೆಲೆಯ ಮೇಲೆ, ನಿಮ್ಮ ಖರ್ಚಿನ ಮೇಲೆ ಅಲ್ಲ. ಎಟ್ಸಿಯಲ್ಲಿ 6.5 ಶೇಕಡಾ ವಹಿವಾಟು ಶುಲ್ಕ ಸಾಗಾಟದ ಮೊತ್ತಕ್ಕೂ ತಾಗುತ್ತದೆ.

550ಕ್ಕೆ ಯಾರೂ ಕೊಳ್ಳುವುದಿಲ್ಲ ಅನಿಸಿದರೆ ಆ ವಸ್ತುವನ್ನು ಆನ್‌ಲೈನಿಗೆ ಹಾಕಬೇಡಿ. ಜಾತ್ರೆಯ ಸ್ಟಾಲಿನಲ್ಲಿ ಕಮಿಷನ್ ಇಲ್ಲ, ಕೊರಿಯರ್ ಇಲ್ಲ, ಅಲ್ಲಿ ಅದೇ ಪರ್ಸ್ 399ಕ್ಕೆ ಕೊಟ್ಟರೆ ನಿಮಗೆ ಗಿಟ್ಟುತ್ತದೆ.

ಮಂಜೇಶ್ವರದಿಂದ

ಗಡಿಯವರಾದ ನಮಗೆ ಎಲ್ಲಕ್ಕಿಂತ ದೊಡ್ಡ ತೊಡಕು ಜಿಎಸ್‌ಟಿ, ದಯವಿಟ್ಟು ಇದನ್ನು ನಿಧಾನವಾಗಿ ಓದಿ. 40 ಲಕ್ಷದ ಮಿತಿ ಸ್ವಂತ ರಾಜ್ಯದೊಳಗೆ ಸಾಮಾನು ಮಾರುವವರಿಗೆ. ಗಡಿಯ ತಲಪಾಡಿ ದಾಟಿದರೆ ಕರ್ನಾಟಕ, ಅದು ನಮಗೆ ಹೊರ ರಾಜ್ಯ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ತಾಣಗಳಲ್ಲಿ ಮೊದಲು ಜಿಎಸ್‌ಟಿ ನೋಂದಣಿ ಇಲ್ಲದೆ ಸಾಮಾನು ಮಾರುವ ಹಾಗೇ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಸಡಿಲಿಕೆ ಬಂತು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತೆಗೆದರೆ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಅಂದರೆ ಪೆರ್ಲದಿಂದ ತಿರುವನಂತಪುರಕ್ಕೆ ಕಳಿಸಬಹುದು, ಪಕ್ಕದ ಪುತ್ತೂರಿಗೆ ಕಳಿಸಲಿಕ್ಕಾಗದು. ನಿಮ್ಮ ಗಿರಾಕಿಗಳೆಲ್ಲ ಕರ್ನಾಟಕದಲ್ಲಿ, ಅಂಗಡಿ ಕಾಣುವುದು ಕೇರಳದವರಿಗೆ. ಬುಟ್ಟಿ ಚೆನ್ನಾಗಿದ್ದರೂ ಆರ್ಡರ್ ಬಾರದೆ ಇರುವುದಕ್ಕೆ ಇಷ್ಟು ಸಾಕು.

ಹೊರ ರಾಜ್ಯಕ್ಕೂ ತಾಣದ ಮೂಲಕ ಮಾರಲು ಪೂರ್ಣ ನೋಂದಣಿ ಬೇಕು, ಅದರಲ್ಲಿಯೂ ರೆಗ್ಯುಲರ್ (ಸಾಮಾನ್ಯ ಕ್ರಮದ್ದು). ಕಾಂಪೊಸಿಷನ್ (ಸಣ್ಣವರಿಗಿರುವ ಸರಳ ತೆರಿಗೆ ಕ್ರಮ) ಆರಿಸಿದರೆ ಹೊರ ರಾಜ್ಯದ ಮಾರಾಟ ಮತ್ತೆ ಬಂದ್. ನೋಂದಣಿ ಆದ ಮೇಲೆ ಏನೂ ಮಾರದ ತಿಂಗಳಲ್ಲೂ ನಿಲ್ ರಿಟರ್ನ್ (ಮಾರಾಟ ಇಲ್ಲ ಎಂಬ ಲೆಕ್ಕ) ಹಾಕಲೇಬೇಕು. ಮರೆತರೆ ದಿನಕ್ಕೆ 20 ರೂಪಾಯಿ ದಂಡ, ಒಂದು ರಿಟರ್ನಿಗೆ ಗರಿಷ್ಠ 500. ಸತತ ಆರು ತಿಂಗಳು ಹಾಕದಿದ್ದರೆ ನೋಂದಣಿ ರದ್ದಾಗಬಹುದು, ಅದರ ಹಿಂದೆಯೇ ಅಂಗಡಿಯ ಖಾತೆಯೂ ನಿಲ್ಲುತ್ತದೆ. ಮಳೆಗಾಲದಲ್ಲಿ ಕೆಲಸ ನಿಲ್ಲಿಸಿ, ಮಾರಾಟ ಇಲ್ಲ ಅಂತ ರಿಟರ್ನನ್ನೂ ಬಿಟ್ಟವರ ಅಂಗಡಿ ದಸರಾ ಹೊತ್ತಿಗೆ ತೆರೆಯುವುದಿಲ್ಲ. ನಿಲ್ ರಿಟರ್ನನ್ನು ಫೋನಿನಿಂದ ಎಸ್‌ಎಂಎಸ್ ಮೂಲಕವೂ ಹಾಕಬಹುದು, ಅಷ್ಟು ಸುಲಭ ಉಂಟು.

ನೋಂದಣಿ ಬೇಡ ಎಂದಾದರೆ ತಾಣ ಬಿಟ್ಟು ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂಲಕ ನೇರ ಮಾರಿ. ಸರಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ವರ್ಷಕ್ಕೆ 20 ಲಕ್ಷದವರೆಗೆ ಹೊರ ರಾಜ್ಯಕ್ಕೆ ನೇರವಾಗಿ ಮಾರುವವರಿಗೆ 2018ರ ಅಧಿಸೂಚನೆಯಲ್ಲಿ ನೋಂದಣಿಯಿಂದ ವಿನಾಯಿತಿ ಉಂಟು. ಎರಡು ಶರತ್ತು: ಪ್ಯಾನ್ ಇರಬೇಕು, ಮೊತ್ತ ಎಷ್ಟೇ ಸಣ್ಣದಿದ್ದರೂ ಇ-ವೇ ಬಿಲ್ (ಸಾಮಾನು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ) ಮಾಡಬೇಕು. ಎರಡನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪ್ರತಿ ವಸ್ತುವಿನ ಹೆಸರೂ ಅದರ ವರ್ಗ ತೋರಿಸುವ ಎಚ್‌ಎಸ್‌ಎನ್ ನಂಬರೂ ಆ ಪಟ್ಟಿಯಲ್ಲಿ ಉಂಟೋ ಅಂತ ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ.

ಪೆರ್ಲ (ಪ್ರಶ್ನೆ ಕೇಳಿದವರು)

ಪುತ್ತೂರಿಗೆ ಆಗದು ಎಂಬುದು ನಿಜಕ್ಕೂ ಗೊತ್ತಿರಲಿಲ್ಲ. ಹಾಳೆ ತಟ್ಟೆಯನ್ನೂ ಸೇರಿಸಿ ವಿದೇಶಕ್ಕೆ ಕಳಿಸಿದರೆ ಹೇಗೆ?

ಮಂಜೇಶ್ವರದಿಂದ

ಈಗ ಬೇಡ. ಅಡಿಕೆ ಹಾಳೆಯ ತಟ್ಟೆ ಬಟ್ಟಲು ಆಹಾರಕ್ಕೆ ತಾಗುವ ಬಳಕೆಗೆ ಸಲ್ಲದೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಹೇಳಿದೆ. 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನೂ ಅಲ್ಲಿ ಅದೇ ವರ್ಷ ಆಗಸ್ಟ್ 29ರಿಂದ ತೆಗೆದರು. ಯಾವ ದೇಶಕ್ಕೆ ಕಳಿಸುವುದಾದರೂ ಐಇಸಿ (ಆಮದು ರಫ್ತು) ನಂಬರ್ ಬೇಕು. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲಿನಲ್ಲಿ ದೃಢಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ.

ಮುಳ್ಳೇರಿಯದಿಂದ

ಪ್ಯಾಕಿಂಗ್ ಬಗ್ಗೆ ಯಾರೂ ಬರೆದಿಲ್ಲ. ಕೊರಿಯರಿನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. ನಿಮ್ಮ ಬುಟ್ಟಿ 400 ಗ್ರಾಂ ಇರಬಹುದು, ಆದರೆ ಪೆಟ್ಟಿಗೆ 30, 30, 20 ಆದರೆ ಲೆಕ್ಕ 3.6 ಕಿಲೋಗೆ ಬೀಳುತ್ತದೆ. ಆದ್ದರಿಂದ ಒಂದರೊಳಗೆ ಒಂದು ಕೂರುವ ಹಾಗೆ ಮೂರು ಅಳತೆಯ ಬುಟ್ಟಿ ಮಾಡಿ ಸೆಟ್ ಆಗಿಯೇ ಮಾರಿ. ಅದೇ ಪೆಟ್ಟಿಗೆ, ಅದೇ ಸಾಗಾಟ, ಮೂರು ಬುಟ್ಟಿಯ ಹಣ. ಮುಟ್ಟಾಳೆಯನ್ನೂ ಒಂದರ ಮೇಲೆ ಒಂದು ಕವುಚಿ ಐದರ ಕಟ್ಟು ಮಾಡಿ.

ಬೂಸ್ಲು, ಅಂದರೆ ಬೂಷ್ಟು, ಇನ್ನೊಂದು ಶತ್ರು. ನಮ್ಮ ಕಡೆಯ ಜೂನ್ ಜುಲೈಯಲ್ಲಿ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿದರೆ, ಒಳಗಿನ ತೇವ ಹೊರಗೆ ಹೋಗಲಾಗದೆ ಗಿರಾಕಿ ತೆರೆಯುವಾಗ ಬಿಳಿ ಬೂಸ್ಲು. ಹಣ ಹಿಂದಿರುಗಿಸಬೇಕು, ಕೆಟ್ಟ ಅಭಿಪ್ರಾಯವೂ ಪುಟದಲ್ಲಿ ಉಳಿಯುತ್ತದೆ. ಹಾಳೆ ಹೆಕ್ಕಿ ಒಣಗಿಸುವುದು ಮೇ ಒಳಗೆ ಮುಗಿಯಲಿ. ಬಿಸಿಲಿನಿಂದ ತೆಗೆದ ಕೂಡಲೇ ಪ್ಯಾಕ್ ಮಾಡಬೇಡಿ, ಬಿಸಿ ಪೂರ್ತಿ ಆರಲಿ, ಇಲ್ಲದಿದ್ದರೆ ಕವರಿನೊಳಗೆ ಬೆವರುತ್ತದೆ. ಮೊದಲು ಕಾಗದದಲ್ಲಿ ಸುತ್ತಿ, ಎರಡು ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಮೇಲೆ ಪೆಟ್ಟಿಗೆ.

ಬದಿಯಡ್ಕದಿಂದ

ಒಂದು ಬಿಟ್ಟುಹೋಯಿತು. ಪುಟದಲ್ಲಿರುವ ಬುಟ್ಟಿಯನ್ನೇ ಜಾತ್ರೆಯಲ್ಲಿ ಮಾರಬೇಡಿ. ಆಮೇಲೆ ಬಂದ ಆರ್ಡರನ್ನು ರದ್ದು ಮಾಡಬೇಕಾಗುತ್ತದೆ. ಅಮೆಜಾನ್ ರದ್ದತಿ 2.5 ಶೇಕಡಾ ಒಳಗೆ, ತಡವಾಗಿ ಕಳಿಸಿದ್ದು 4 ಶೇಕಡಾ ಒಳಗೆ ಇರಬೇಕೆನ್ನುತ್ತದೆ. ಇಪ್ಪತ್ತು ಆರ್ಡರಿನಲ್ಲಿ ಒಂದು ರದ್ದಾದರೆ ನಿಮ್ಮದು 5 ಆಯಿತು. ಆನ್‌ಲೈನಿನ ಸಾಮಾನಿಗೆ ಬೇರೆಯೇ ಕಪಾಟು ಇರಲಿ.

ಹೆಸರಿನಲ್ಲಿ "ಮುಟ್ಟಾಳೆ" ಎಂದಷ್ಟೇ ಬರೆದರೆ ತುಳು ಗೊತ್ತಿದ್ದವರು ಮಾತ್ರ ಹುಡುಕುತ್ತಾರೆ. ಜೊತೆಗೆ ಇಂಗ್ಲಿಷಿನಲ್ಲಿ ಅರೇಕಾ ಲೀಫ್ ಕ್ಯಾಪ್ ಅಂತಲೂ ಸೇರಿಸಿ. ಮುಟ್ಟಾಳೆ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಜನ ಎರಡು ಮೂರು ಥರ ಬರೆಯುತ್ತಾರೆ, ಅಷ್ಟನ್ನೂ ಹಾಕಿ.

ಪೆರ್ಲ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬ ಧನ್ಯವಾದ. ಮುಟ್ಟಾಳೆ ಮತ್ತು ಮೂರು ಬುಟ್ಟಿಯ ಸೆಟ್, ಇವೆರಡನ್ನೇ ವಾಟ್ಸಾಪಿನಲ್ಲಿ ಶುರು ಮಾಡುತ್ತೇವೆ, ಪಟ್ಟಿ ತೋರಿಸಿಕೊಂಡ ಮೇಲೆ. ಬುಟ್ಟಿ ಆದ ಮೇಲೆ ಪೆಟ್ಟಿಗೆ ಹುಡುಕುವುದಾ?

ಮುಳ್ಳೇರಿಯದಿಂದ

ಇಲ್ಲ ಅಕ್ಕ, ಪೆಟ್ಟಿಗೆ ಮೊದಲು. ಪೇಟೆಯಲ್ಲಿ ಸದಾ ಸಿಗುವ ಒಂದು ಅಳತೆ ನೋಡಿ ಐದು ಪದರದ ರಟ್ಟಿನದ್ದು ತನ್ನಿ. ಅದರ ಒಳ ಅಳತೆಗಿಂತ ಸುತ್ತಲೂ ಎರಡು ಸೆಂಟಿಮೀಟರ್ ಬಿಟ್ಟು ದೊಡ್ಡ ಬುಟ್ಟಿ ನೇಯಿರಿ, ಹಿಡಿಯ ಎತ್ತರವನ್ನೂ ಸೇರಿಸಿಯೇ ಅಳೆಯಿರಿ. ಹಿಡಿ ಮಡಚುವಂತಿದ್ದರೆ ಪೆಟ್ಟಿಗೆಯ ಎತ್ತರ ಅರ್ಧಕ್ಕರ್ಧ ಇಳಿಯುತ್ತದೆ.